ಬೇಡಪ್ಪನವರು ‘ತಗೋ’ ಅಂದ ನಾಣ್ಯ

ನಮ್ಮ ಮಾವನಿಗೆ ಬೀದಿಯವರು ಇಟ್ಟ ಹೆಸರು ಬೇಡಪ್ಪ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಬೆನ್ನ ಹಿಂದೆ ಎಲ್ಲರೂ ಹಾಗೇ ಕರೆಯುತ್ತಾರೆ. ಅದು ಮಾವನಿಗೂ ಗೊತ್ತು. ಗೊತ್ತಿಲ್ಲದವರಂತೆ ಇರುವುದರಲ್ಲಿ ಅವರಿಗೊಂದು ಖುಷಿ ಇದೆ ಎಂದು ನನ್ನ ಗುಮಾನಿ.

ಅವರ ಕಸುಬು ತಕ್ಕಡಿ ರಿಪೇರಿ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ದವಸದ ಅಂಗಡಿಗೂ ಹಗ್ಗದ ಅಂಗಡಿಗೂ ನಡುವೆ, ಬೀರುವಿನಷ್ಟು ಅಗಲದ ಒಂದು ಜಾಗ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು. ನಿಂತವರು ಸ್ವಲ್ಪ ದಪ್ಪಗಿದ್ದರೆ ಓಣಿಯಲ್ಲೇ ನಿಲ್ಲಬೇಕು. ಅಲ್ಲಿ ಕೂತು ಮಾವ ನಲವತ್ತು ವರ್ಷದಿಂದ ಊರಿನವರ ತಕ್ಕಡಿಯ ಮುಳ್ಳು ನೆಟ್ಟಗೆ ಮಾಡುತ್ತಾ, ಸವೆದ ತೂಕದ ಬಟ್ಟುಗಳ ತಳಕ್ಕೆ ಸೀಸ ತುಂಬಿ ಸರಿಮಾಡುತ್ತಾ ಬಂದಿದ್ದಾರೆ. ವರ್ಷಕ್ಕೊಮ್ಮೆ ತೂಕದ ಕಚೇರಿಯವರು ಬಂದು ಮುದ್ರೆ ಒತ್ತುವಾಗ ಮಾವ ರಿಪೇರಿ ಮಾಡಿದ ಬಟ್ಟು ಒಂದೂ ವಾಪಸು ಬಂದದ್ದಿಲ್ಲ. ಈ ಮಾತನ್ನು ಅವರು ವಾರಕ್ಕೆ ಎರಡು ಸಲ ಹೇಳುತ್ತಾರೆ.

ಆದರೆ ಬೇಡಪ್ಪ ಎಂಬ ಹೆಸರು ಬಂದದ್ದು ತಕ್ಕಡಿಯಿಂದಲ್ಲ, ನಾಣ್ಯದಿಂದ. ನಾನು ಈ ಮನೆಗೆ ಬರುವ ಎಷ್ಟೋ ವರ್ಷ ಮೊದಲೇ, ಯಾರೋ ಒಬ್ಬರು ಹಳೆಯ ಬೆಳ್ಳಿ ನಾಣ್ಯವೊಂದನ್ನು ಕೊಳ್ಳುವ ಮುಂಚೆ ತೂಗಿಸಿಕೊಳ್ಳಲು ಅಂಗಡಿಗೆ ಬಂದರಂತೆ. ಮಾವ ತೂಗಿ, ‘ಇದು ಬೇಡ’ ಅಂದರಂತೆ. ಅವರು ಕೊಳ್ಳಲಿಲ್ಲ. ಅದೇ ನಾಣ್ಯವನ್ನು ಇನ್ನೊಬ್ಬರು ಕೊಂಡು ಕೈ ಸುಟ್ಟುಕೊಂಡರಂತೆ. ಅಲ್ಲಿಂದ ಶುರುವಾಯಿತು. ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಯಾರಾದರೊಬ್ಬರು ಕರವಸ್ತ್ರದಲ್ಲಿ ನಾಣ್ಯ ಸುತ್ತಿಕೊಂಡು ಕೂತಿರುವುದು ಖಾಯಂ. ಮಾವ ಒಂದು ಕಾಸನ್ನೂ ತೆಗೆದುಕೊಳ್ಳುವುದಿಲ್ಲ. ನೋಡುತ್ತಾರೆ, ಕೇಳುತ್ತಾರೆ, ತೂಗುತ್ತಾರೆ, ಕೊನೆಗೆ ‘ಬೇಡ’ ಅನ್ನುತ್ತಾರೆ.

ಹತ್ತು ಜನ ಬಂದರೆ ಒಂಬತ್ತು ಜನಕ್ಕೆ ಬೇಡ. ಹತ್ತನೆಯವರಿಗೆ ‘ಸದ್ಯಕ್ಕೆ ಬೇಡ’. ಈ ಬೇಡ ಅನ್ನುವುದು ನಾಣ್ಯದಲ್ಲೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆ. ಹೊಸ ಫ್ರಿಜ್ಜು ಬೇಡ, ಕಿಟಕಿಗೆ ಪರದೆ ಬೇಡ, ಪ್ಲಾಸ್ಟಿಕ್ ಕುರ್ಚಿ ಮೊದಲೇ ಬೇಡ. ಬಸ್ಸು ಓಡಿಸುವ ನನ್ನ ಗಂಡ ಪಾಳಿ ಬದಲಾಯಿಸಿಕೊಳ್ಳಲು ಹೊರಟಾಗಲೂ ಬೇಡ. ಮೊದಲ ಸಲ ನನ್ನನ್ನು ಕಂಡಾಗ ಮಾತ್ರ ‘ಆಗಬಹುದು’ ಅಂದರಂತೆ. ಅದನ್ನು ನನ್ನ ಗಂಡ ಇವತ್ತಿಗೂ ಪವಾಡದ ಲೆಕ್ಕಕ್ಕೆ ಸೇರಿಸುತ್ತಾರೆ.

ನಾಣ್ಯ ನೋಡುವ ಕ್ರಮವನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ ನೋಡಿ ಬಾಯಿಪಾಠ ಮಾಡಿದ್ದೇನೆ. ಮೊದಲು ನಾಣ್ಯ ನೋಡುವುದೇ ಇಲ್ಲ, ಮಾರುವವನ ಕಥೆ ಕೇಳುತ್ತಾರೆ. ಅವನಿಗೆ ಅವಸರವೇ? ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿತು ಅಂದನೇ? ‘ಊರಿನಲ್ಲಿ ಇರೋ ಕಳ್ಳ ನಾಣ್ಯ ಎಲ್ಲಾ ಅಜ್ಜಿ ಪೆಟ್ಟಿಗೆಯಲ್ಲೇ ಹುಟ್ಟೋದು’ ಎಂದು ನಗುತ್ತಾರೆ. ಆಮೇಲೆ ಅಯಸ್ಕಾಂತ. ಬೆಳ್ಳಿಗೆ ಅದು ಅಂಟಬಾರದು. ಆಮೇಲೆ ಬೆರಳ ತುದಿಯ ಮೇಲೆ ನಾಣ್ಯ ನಿಲ್ಲಿಸಿ ಇನ್ನೊಂದು ನಾಣ್ಯದಿಂದ ಮೆಲ್ಲಗೆ ತಟ್ಟಿ, ಕಣ್ಣು ಮುಚ್ಚಿ ದನಿ ಕೇಳುವುದು. ಆಮೇಲೆ ಭೂತಗನ್ನಡಿ ಹಿಡಿದು ಅಕ್ಷರಗಳ ಬುಡ ನೋಡುವುದು; ಎರಕ ಹೊಯ್ದ ನಾಣ್ಯವಾದರೆ ಅಲ್ಲಿ ಸಣ್ಣ ಸಣ್ಣ ಗುಳಿ ಇರುತ್ತದೆ. ಆಮೇಲೆ ಅಂಚು, ಎರಡು ಅರ್ಧ ಕೂಡಿಸಿದ್ದರೆ ಸುತ್ತಲೂ ಬೆಸುಗೆಯ ಗೆರೆ ಕಾಣುತ್ತದೆ. ಕಟ್ಟಕಡೆಗೆ ತೂಕ.

ತೂಕಕ್ಕೆಂದೇ ಒಂದು ಮರದ ಡಬ್ಬಿ ಇದೆ. ಒಳಗೆ ಮಾವನ ಗುರುಗಳು ಕೊಟ್ಟ ಹಿತ್ತಾಳೆಯ ಬಟ್ಟುಗಳು, ಹತ್ತು ಗ್ರಾಮಿನಿಂದ ಶುರುವಾಗಿ ಉಗುರಿನಷ್ಟು ತೆಳುವಾದ ತಗಡಿನ ತುಂಡಿನವರೆಗೆ. ಇವು ವ್ಯಾಪಾರದ ಬಟ್ಟುಗಳಲ್ಲ, ಆದ್ದರಿಂದ ಕಚೇರಿಯ ಮುದ್ರೆಗೆ ಹೋಗುವುದಿಲ್ಲ. ಮಾವ ಅವನ್ನು ಕೈಯಲ್ಲಿ ಮುಟ್ಟುವುದೂ ಇಲ್ಲ, ಚಿಮಟದಲ್ಲಿ ಎತ್ತುತ್ತಾರೆ. ‘ನಮ್ಮ ಗುರುಗಳ ಬಟ್ಟು. ಸೂರ್ಯ ತಪ್ಪಿದ್ರೂ ಇದು ತಪ್ಪಲ್ಲ’ ಅನ್ನುವುದು ಅವರ ಮಾತು. ತೂಗುತ್ತಾ ಬಂದವರಿಗೆ ಪಾಠವನ್ನೂ ಹೇಳುತ್ತಾರೆ: ‘ಹಳೇ ನಾಣ್ಯ ಸವೆದು ಒಂದು ಕೂದಲಿನಷ್ಟು ಹಗುರ ಆಗಬಹುದು. ಅದಕ್ಕಿಂತ ಹಗುರ ಆದ್ರೆ ಅನುಮಾನ ಪಡಿ. ಇನ್ನೂ ಒಂದು ಮಾತು, ನಾಣ್ಯ ಯಾವತ್ತೂ ತಿಕ್ಕಬೇಡಿ. ತಿಕ್ಕಿ ಹೊಳೆಸಿದ ನಾಣ್ಯ ಸತ್ತ ಹಾಗೆ.’

ಈ ಕೊನೆಯ ಮಾತನ್ನು ನಾನು ಸಾವಿರ ಸಲ ಕೇಳಿದ್ದೆ. ನಾಣ್ಯ ತಿಕ್ಕಬಾರದು. ಸರಿ, ನಾನು ಯಾವತ್ತೂ ಒಂದು ನಾಣ್ಯವನ್ನೂ ತಿಕ್ಕಲಿಲ್ಲ. ನಾನು ತಿಕ್ಕಿದ್ದು ಬಟ್ಟುಗಳನ್ನು.

ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಒಂದು ದಿನ ಮುಂದಿನ ಕೋಣೆ ಗುಡಿಸುವಾಗ ಡಬ್ಬಿ ತೆರೆದಿತ್ತು. ಬಟ್ಟುಗಳು ಕಪ್ಪಿಟ್ಟಿದ್ದವು. ಮನೆಯ ಹಿತ್ತಾಳೆಯೆಲ್ಲಾ ನನ್ನ ಕೈಯಲ್ಲಿ ಕನ್ನಡಿಯಾಗಿರುವಾಗ ಇವು ಮಾತ್ರ ಹೀಗೇಕೆ ಎಂದು ಮನಸ್ಸು ಚುರುಕ್ಕೆಂದಿತು. ಅತ್ತೆ ನಾನು ಬರುವ ಮುಂಚೆಯೇ ತೀರಿಕೊಂಡವರು, ಇದನ್ನು ಮುಟ್ಟಬೇಡ ಎಂದು ಹೇಳಲು ಯಾರೂ ಇರಲಿಲ್ಲ. ಇಟ್ಟಿಗೆ ಪುಡಿ, ಬೂದಿ, ಅರ್ಧ ನಿಂಬೆಹಣ್ಣಿನ ಸಿಪ್ಪೆ ಹಾಕಿ ತಿಕ್ಕಿ, ಒರೆಸಿ, ಇದ್ದ ಜಾಗದಲ್ಲೇ ಇಟ್ಟೆ. ಅಂದಿನಿಂದ ಪ್ರತಿ ಮಂಗಳವಾರ, ಮಾವ ಅಂಗಡಿಗೆ ಹೋದಮೇಲೆ, ದೀಪ ಚೊಂಬುಗಳ ಜೊತೆಗೆ ಇವೂ ಹಿತ್ತಲ ನಲ್ಲಿಗೆ ಬರುತ್ತಿದ್ದವು. ಹೇಳಿಕೊಳ್ಳಲಿಲ್ಲ. ಒಳ್ಳೆ ಕೆಲಸ ಮಾಡಿ ಡಂಗುರ ಹೊಡೆಯಬಾರದು ಎಂಬ ದೊಡ್ಡತನ ನನ್ನದು.

ಮಾವನಿಗೆ ಕಾಣಲಿಲ್ಲವೇ ಎಂದು ನೀವು ಕೇಳಬಹುದು. ಕಂಡಿತ್ತು. ಆದರೆ ಸರಿಯಾಗಿ ಆ ತಿಂಗಳೇ ಅವರ ಎರಡೂ ಕಣ್ಣಿಗೆ ಪೊರೆ ತೆಗೆಸಿದ್ದೆವು. ಆಪರೇಷನ್ ಆದಮೇಲೆ ಗೋಡೆ ಬೆಳ್ಳಗೆ ಕಂಡಿತು, ನನ್ನ ನೀಲಿ ಸೀರೆ ಇಷ್ಟು ನೀಲಿಯೇ ಎಂದು ಆಶ್ಚರ್ಯವಾಯಿತು, ಬಟ್ಟುಗಳು ಚಿನ್ನದಂತೆ ಹೊಳೆದವು. ಎಲ್ಲದರ ಕೀರ್ತಿಯೂ ಡಾಕ್ಟರಿಗೆ ಹೋಯಿತು. ‘ಎಂಥಾ ಕೈಗುಣ ನೋಡು’ ಎಂದು ಅವರು ಬಟ್ಟನ್ನು ಬೆಳಕಿಗೆ ಹಿಡಿದು ಹೇಳುವಾಗ ನಾನು ಒಳಗೊಳಗೇ ನಗುತ್ತಿದ್ದೆ.

ಇನ್ನು ಟೈಲರಕ್ಕನ ವಿಷಯ. ನಮ್ಮ ಬೀದಿಯ ತಿರುವಿನಲ್ಲಿ ಅವರ ಅಂಗಡಿ. ಒಂಟಿ ಜೀವ, ಐವತ್ತೈದರ ವಯಸ್ಸು, ಕಾಲಲ್ಲಿ ತುಳಿಯುವ ಹಳೆಯ ಮೆಷಿನ್ನು. ಮೂವತ್ತು ವರ್ಷ ತುಳಿದು ಮಂಡಿ ಸವೆದಿದೆ. ಎದ್ದು ನಿಲ್ಲುವಾಗ ಟೇಬಲ್ಲಿನ ಅಂಚು ಹಿಡಿದು ಒಂದು ಕ್ಷಣ ಕಣ್ಣು ಮುಚ್ಚುತ್ತಾರೆ. ಮೋಟಾರಿನ ಮೆಷಿನ್ನು ಕೊಳ್ಳಲು ಮೂರು ವರ್ಷದಿಂದ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಾ ಬಂದಿದ್ದರು.

ಅವರ ಮನೆಯ ಗೋಡೆಯಲ್ಲಿ ಒಂದು ಹಲಗೆ ಇದೆ. ಬಡಗಿಯಾಗಿದ್ದ ಅವರ ಅಪ್ಪ ತಾವೇ ಕೊರೆದು ಮಾಡಿದ್ದು. ಹನ್ನೆರಡು ದುಂಡು ಕುಳಿ, ಹನ್ನೆರಡು ವರ್ಷದ ಬೆಳ್ಳಿ ನಾಣ್ಯಕ್ಕೆ. ಒಂದು ಮಗ್ಗುಲಲ್ಲಿ ಹಾಯಿಹಡಗು ಇರುವ ಆ ನಾಣ್ಯಗಳನ್ನು ಟಂಕಸಾಲೆ ಹನ್ನೆರಡೇ ವರ್ಷ ಹೊಡೆದು ನಿಲ್ಲಿಸಿತಂತೆ. ಅದರಲ್ಲಿ ಏಳನೆಯ ವರ್ಷದ್ದು ತೀರ ಕಡಿಮೆ. ಅಪ್ಪ ಹನ್ನೊಂದು ಸೇರಿಸಿ ಕಣ್ಣು ಮುಚ್ಚಿದರು. ಏಳನೆಯ ಕುಳಿ ಖಾಲಿ. ಟೈಲರಕ್ಕ ಹಲಗೆ ಒರೆಸುವಾಗ ಆ ಕುಳಿಯೊಳಗೂ ಬಟ್ಟೆ ತಿರುಗಿಸಿ ಒರೆಸುವುದನ್ನು ನಾನು ನೋಡಿದ್ದೇನೆ.

ಒಂದು ಶನಿವಾರ ನೀಲಿ ಚೀಲ ಹೊತ್ತ ಒಬ್ಬ ಆಸಾಮಿ ಅವರ ಅಂಗಡಿಗೆ ಪ್ಯಾಂಟಿನ ಜಿಪ್ಪು ಹಾಕಿಸಲು ಬಂದ. ಮಾತಿಗೆ ಮಾತು ಬಂದು, ತಾನು ಹಳೆ ಸಾಮಾನು ಮಾರುವವನು ಎಂದ. ಚೀಲದಿಂದ ತೆಗೆದದ್ದು ಏಳನೆಯ ವರ್ಷದ ಹಡಗಿನ ನಾಣ್ಯ. ಕೇಳಿದ ಬೆಲೆ ಹೆಚ್ಚುಕಡಿಮೆ ಬಿಸ್ಕತ್ತಿನ ಡಬ್ಬಿಯಷ್ಟು. ಟೈಲರಕ್ಕ ಜಾಣೆ. ‘ನಮ್ಮ ಅಣ್ಣಾವ್ರಿಗೆ ತೋರಿಸದೆ ನಾನು ಕೊಳ್ಳಲ್ಲ’ ಅಂದರು. ಅಣ್ಣಾವ್ರು ಅಂದರೆ ನಮ್ಮ ಮಾವ. ಅವನು ಒಪ್ಪಿಕೊಂಡು ಭಾನುವಾರ ತಾನೇ ನಮ್ಮ ಮನೆಗೆ ಬಂದು ಕೂತ.

ಅಂದು ನಾನು ಕಾಫಿ ಕೊಡುವ ನೆಪದಲ್ಲಿ ಅಲ್ಲೇ ನಿಂತೆ. ಆಸಾಮಿ ಅಜ್ಜಿಯ ಕಥೆ ಹೇಳಲಿಲ್ಲ. ಅವಸರವನ್ನೂ ಮಾಡಲಿಲ್ಲ. ‘ಮಂಗಳವಾರ ಮಧ್ಯಾಹ್ನದ ಬಸ್ಸಿಗೆ ಹೋಗ್ತೀನಿ ಸಾರ್, ಅಷ್ಟರೊಳಗೆ ಯೋಚನೆ ಮಾಡಿ ಹೇಳಿ’ ಎಂದ. ಅಯಸ್ಕಾಂತ ಅಂಟಲಿಲ್ಲ. ದನಿ ಚೆನ್ನಾಗಿತ್ತು. ಅಕ್ಷರಗಳ ಬುಡ ಶುಭ್ರ. ಅಂಚಿನ ಸುತ್ತ ಸಾಲಾಗಿರುವ ಸಣ್ಣ ಹಲ್ಲುಗಳಲ್ಲಿ ಬೆಸುಗೆ ಇಲ್ಲ. ಕೊನೆಗೆ ತೂಕ. ಈ ನಾಣ್ಯ ಹನ್ನೆರಡು ಗ್ರಾಂ ಇರಬೇಕು. ಮಾವ ಒಂದು ತಟ್ಟೆಗೆ ಹತ್ತರ ಬಟ್ಟು, ಎರಡರ ಬಟ್ಟು ಇಟ್ಟು, ಇನ್ನೊಂದಕ್ಕೆ ನಾಣ್ಯ ಇಟ್ಟರು. ಮುಳ್ಳು ತೂಗಾಡಿ ನಿಂತಿತು. ಒಂದೇ ಒಂದು ಕೂದಲಿನಷ್ಟು ಹಗುರ, ವಯಸ್ಸಿಗೆ ತಕ್ಕ ಹಾಗೆ.

ಮಾವ ಟೈಲರಕ್ಕನ ಕಡೆ ನೋಡಿದರು. ಬೇಡ ಅನ್ನಲು ಬಾಯಿ ತೆರೆದು ಅಭ್ಯಾಸವಾದ ಮುಖ, ಏನು ಮಾಡಬೇಕೆಂದು ತೋಚದೆ ಒಂದು ಗಳಿಗೆ ಹಾಗೇ ಇತ್ತು. ಆಮೇಲೆ, ‘ತಗೋಮ್ಮ’ ಅಂದರು.

ಟೈಲರಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಮಂಗಳವಾರ ಅವನು ಹೊರಡುವ ಮುಂಚೆ ಅವನ ವಸತಿಗೃಹಕ್ಕೇ ಹಣ ತರುವುದೆಂದು ಮಾತಾಯಿತು. ನನ್ನ ಕಣ್ಣೂ ಒದ್ದೆಯಾಯಿತು. ನಾನು ಈ ಮನೆಗೆ ಬಂದಮೇಲೆ ಮಾವ ‘ತಗೋ’ ಅಂದದ್ದು ಅದೊಂದೇ ಸಲ.

ಮಂಗಳವಾರ ಬಂತು. ಹನ್ನೊಂದೂವರೆಗೆ ನಾನು ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು, ಮುಂದೆ ಬಟ್ಟುಗಳನ್ನು ಹರಡಿಕೊಂಡು, ಹತ್ತರ ಬಟ್ಟಿಗೆ ಇಟ್ಟಿಗೆ ಪುಡಿ ಹಚ್ಚಿ ಉಜ್ಜುತ್ತಾ ಹಾಡು ಹೇಳಿಕೊಳ್ಳುತ್ತಿದ್ದೆ. ಹಿಂದೆ ಯಾರೋ ನಿಂತ ಹಾಗಾಯಿತು. ತಿರುಗಿದರೆ ಮಾವ. ಕನ್ನಡಕ ಮರೆತು ಹೋಗಿದ್ದರಂತೆ, ಅದಕ್ಕೆ ಬಂದಿದ್ದಾರೆ.

ಅವರು ನನ್ನ ಕೈ ನೋಡಿದರು. ನಾನೂ ನನ್ನ ಕೈ ನೋಡಿದೆ. ಬೆರಳೆಲ್ಲಾ ಕೆಂಪು ಕೆಸರು, ಅದರ ನಡುವೆ ಗುರುಗಳ ಬಟ್ಟು.

‘ಏನಮ್ಮಾ ಮಾಡ್ತಿದ್ದೀಯ?’ ದನಿ ತೀರ ಮೆತ್ತಗಿತ್ತು. ಬೈದಿದ್ದರೆ ವಾಸಿಯಿತ್ತು.

‘ತಿಕ್ತಾ ಇದೀನಿ ಮಾವ. ಕಪ್ಪಾಗ್ತವಲ್ಲ.’

‘ಎಷ್ಟು ದಿನದಿಂದ?’

‘ನಿಮ್ಮ ಕಣ್ಣಿನ ಆಪರೇಷನ್ ಆದಾಗಿನಿಂದ. ವಾರ ವಾರಾನೂ.’

ಅವರು ಬಚ್ಚಲಿನ ಕಟ್ಟೆಯ ಮೇಲೆ ಕೂತರು. ನನಗೆ ಇನ್ನೂ ಅರ್ಥವಾಗಿರಲಿಲ್ಲ. ಹಿತ್ತಾಳೆ ಹೊಳೆದರೆ ತಪ್ಪೇನು? ಆಮೇಲೆ ಮಾವ ನನ್ನ ಕೈಯ ಕೆಸರನ್ನು ತೋರಿಸಿ, ‘ಆ ಕೆಸರಿನಲ್ಲಿ ಇಟ್ಟಿಗೆ ಮಾತ್ರ ಇಲ್ಲಮ್ಮ. ಹಿತ್ತಾಳೆನೂ ಇದೆ’ ಅಂದರು. ಆಗ ನನಗೆ ಅರ್ಥವಾಯಿತು. ನೂರು ವಾರ ತಿಕ್ಕಿದ್ದೇನೆ. ಬಟ್ಟು ಸವೆದು ಹಗುರವಾಗಿದ್ದರೆ, ಅದರ ಎದುರು ತಟ್ಟೆಯಲ್ಲಿ ಕೂತ ಹಗುರ ನಾಣ್ಯವೂ ಸರಿತೂಕದಂತೆಯೇ ಕಾಣುತ್ತದೆ.

‘ಮಾವ, ಟೈಲರಕ್ಕ...’

‘ಏಳು. ಅಂಗಡಿಗೆ ನಡಿ. ಡಬ್ಬಿ ತಗೋ.’

ಅಂಗಡಿಯಲ್ಲಿ ಕಚೇರಿಯ ಮುದ್ರೆಯ ಬಟ್ಟುಗಳಿವೆ. ಅವೇ ಸಾಕ್ಷಿ. ಮಾವ ಎಂದೂ ಓಡಿದವರಲ್ಲ. ಅಂದು ನಾನು ಸೀರೆ ಎತ್ತಿಕಟ್ಟಿಕೊಂಡು ಹಿಂದೆ ಹಿಂದೆ ಓಡಬೇಕಾಯಿತು. ಒಂದು ತಟ್ಟೆಗೆ ಮುದ್ರೆಯ ಹತ್ತು ಮತ್ತು ಎರಡು, ಇನ್ನೊಂದು ತಟ್ಟೆಗೆ ಗುರುಗಳ ಹತ್ತು ಮತ್ತು ಎರಡು. ನಮ್ಮ ತಟ್ಟೆ ಮೇಲೆದ್ದು ನಿಂತಿತು. ಮಾವ ಪಕ್ಕದ ದವಸದಂಗಡಿಯ ಮೂಟೆಗೆ ಕೈ ಹಾಕಿ ಒಂದು ಚಿಟಿಕೆ ಅಕ್ಕಿ ತೆಗೆದು, ಒಂದೊಂದೇ ಕಾಳು ಮೇಲಿನ ತಟ್ಟೆಗೆ ಹಾಕತೊಡಗಿದರು. ಐದು ಹಾಕಿದರೂ ಇಳಿಯಲಿಲ್ಲ. ಹತ್ತು ಹಾಕಿದರೂ ಇಳಿಯಲಿಲ್ಲ. ಹದಿನೈದನೆಯ ಕಾಳಿಗೆ ಮುಳ್ಳು ನಡುವಿಗೆ ಬಂತು.

‘ಹದಿನೈದು ಕಾಳು’ ಅಂದರು ಮಾವ. ‘ಒಂದು ಕೂದಲಿಗೆ ಹೆದರೋನು ನಾನು. ಹದಿನೈದು ಅಕ್ಕಿ ಕಾಳು ಬಿಟ್ಟುಬಿಟ್ಟಿದ್ದೀನಿ.’ ಎರಡು ವರ್ಷದಿಂದ ಊರಿನವರ ಬಟ್ಟು ಸರಿಮಾಡುತ್ತಾ, ತಮ್ಮ ಬಟ್ಟನ್ನು ಒಂದು ಸಲವೂ ಪರೀಕ್ಷೆ ಮಾಡಿರಲಿಲ್ಲ.

ಗಂಟೆ ಹನ್ನೆರಡು ದಾಟಿತ್ತು. ಆಸಾಮಿ ಇಳಿದುಕೊಂಡಿದ್ದ ವಸತಿಗೃಹ ಬಸ್‌ನಿಲ್ದಾಣದ ಎದುರು. ದಾರಿಯುದ್ದಕ್ಕೂ ನಾನು ಒಳಗೇ ಎಲ್ಲ ದೇವರನ್ನೂ ಕರೆಯುತ್ತಿದ್ದೆ. ಇಟ್ಟಿಗೆ ಪುಡಿಯನ್ನು ಶಪಿಸಿದೆ, ನಿಂಬೆಹಣ್ಣನ್ನು ಶಪಿಸಿದೆ, ಹೇಳಿಕೊಳ್ಳದೆ ಇಟ್ಟುಕೊಂಡ ನನ್ನ ದೊಡ್ಡತನವನ್ನಂತೂ ಹಿಡಿದು ಜಾಡಿಸಿದೆ. ಟೈಲರಕ್ಕನ ಮಂಡಿ ಕಣ್ಣ ಮುಂದೆ ಬಂತು. ಇನ್ನೊಂದು ಮೂರು ವರ್ಷ ಅವರು ಆ ಮೆಷಿನ್ನು ತುಳಿಯಬೇಕು, ನನ್ನ ಕೈಯ ಚುರುಕಿನಿಂದ.

ವಸತಿಗೃಹದ ಮೇಜಿನಲ್ಲಿ ಕೂತವನು ಪೇಪರಿನಿಂದ ತಲೆಯೆತ್ತಲಿಲ್ಲ. ‘ನೀಲಿ ಚೀಲದವರಾ? ಖಾಲಿ ಮಾಡಿ ಹೋದ್ರು. ಹನ್ನೊಂದಕ್ಕೆ ಒಂದು ಹೆಂಗಸು ಬಂದಿದ್ರು, ಅವರ ಹತ್ತಿರ ಏನೋ ವ್ಯವಹಾರ ಮುಗಿಸಿಕೊಂಡು ಹಾಗೇ ಹೊರಟ್ರು. ಮಧ್ಯಾಹ್ನದ ಬಸ್ಸಿಗೂ ಕಾಯಲಿಲ್ಲ.’

ಮಾವ ಹೊರಗೆ ಬಂದು ಮೆಟ್ಟಿಲ ಮೇಲೆ ತಲೆಗೆ ಕೈ ಹೊತ್ತು ಕೂತರು. ಆಗ ಅವರ ಕಾಲು ನೋಡಿದೆ. ಒಂದು ಕಾಲಲ್ಲಿ ಅವರ ಚಪ್ಪಲಿ, ಇನ್ನೊಂದರಲ್ಲಿ ನನ್ನ ಹೂವಿನ ಪಟ್ಟಿಯ ಚಪ್ಪಲಿ. ಬೇರೆ ದಿನವಾಗಿದ್ದರೆ ವರ್ಷಕ್ಕಾಗುವಷ್ಟು ನಗುತ್ತಿದ್ದೆ.

‘ಮೂವತ್ತು ವರ್ಷ ಬೇಡ ಬೇಡ ಅಂತ ಊರಿಗೆಲ್ಲಾ ಹೇಳಿದೆ’ ಅಂದರು. ‘ನಂಬಿಕೊಂಡು ಬಂದ ಒಂದು ಹೆಣ್ಣುಮಗಳಿಗೆ ತಗೋ ಅಂದೆ. ಅದೂ ಇಂಥಾದ್ದಕ್ಕೆ.’

‘ತಪ್ಪು ನಂದು ಮಾವ.’

‘ನಿಂದು ತಿಕ್ಕೋ ತಪ್ಪು. ನಂದು ನೋಡದೆ ಇದ್ದ ತಪ್ಪು. ಯಾವುದು ದೊಡ್ಡದು ಅಂತ ಆಮೇಲೆ ತೂಗೋಣ. ಈಗ ಏಳು, ಅವಳ ಮುಖ ನೋಡಬೇಕು.’

ಟೈಲರಕ್ಕನ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಬಗ್ಗಿ ಒಳಗೆ ಹೋದೆವು. ಅವರು ಮೆಷಿನ್ನಿನ ಮುಂದೆ ಸುಮ್ಮನೆ ಕೂತಿದ್ದರು, ಸೂಜಿಗೆ ದಾರವೂ ಇರಲಿಲ್ಲ. ನಮ್ಮನ್ನು ಕಂಡವರೇ ಟೇಬಲ್ಲಿನ ಮೇಲಿದ್ದ ಉದ್ದನೆಯ ಕಾಗದವೊಂದನ್ನು ಸರಕ್ಕನೆ ಬಟ್ಟೆಗಳ ಅಡಿಗೆ ತಳ್ಳಿದರು. ಕಣ್ಣು ಕೆಂಪಾಗಿತ್ತು.

ಮಾವ ಬಾಯಿ ತೆರೆಯುವ ಮುಂಚೆ ಅವರೇ ಶುರುಮಾಡಿದರು. ‘ಅಣ್ಣಾವ್ರೇ, ಬೇಜಾರು ಮಾಡ್ಕೋಬೇಡಿ. ನಾನು ಆ ನಾಣ್ಯ ಕೊಳ್ಳಲಿಲ್ಲ. ಅವನು ಕಡೇ ಗಳಿಗೆಯಲ್ಲಿ ಬೆಲೆ ಜಾಸ್ತಿ ಮಾಡಿಬಿಟ್ಟ. ಅಷ್ಟು ನನ್ನ ಕೈಲಿ ಆಗಲ್ಲ ಅಂದೆ. ಹೊರಟುಹೋದ.’

ನನ್ನ ಹೋದ ಜೀವ ಬಂತು. ಕೈಯಲ್ಲಿದ್ದ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಬಾಗಿಲಿಗೆ ಒರಗಿ ನಿಂತೆ. ಮಾವ ಇಸ್ತ್ರಿಗೆ ಇಟ್ಟಿದ್ದ ಬಟ್ಟೆಗಳ ರಾಶಿಯ ಮೇಲೆ ಧೊಪ್ಪನೆ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. ಆಮೇಲೆ ನಿಜವಾಗಿ ಕಣ್ಣೀರು ಬಂತು, ನಗುತ್ತಲೇ ಒರೆಸಿಕೊಂಡರು.

‘ಕೊಳ್ಳಲಿಲ್ವಾ? ನಿಜವಾಗಿ ಕೊಳ್ಳಲಿಲ್ವಾ? ಡಬ್ಬಿ ಹಾಗೇ ಇದೆಯಾ?’

ಟೈಲರಕ್ಕ ಗಾಬರಿಯಾಗಿ ಬಿಸ್ಕತ್ತಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ತೋರಿಸಿದರು. ಒಂದು ನೋಟೂ ಕದಲಿರಲಿಲ್ಲ.

ಆಗ ಮಾವ ಎಲ್ಲ ಹೇಳಿದರು. ಬಟ್ಟು ಸವೆದದ್ದು, ಹದಿನೈದು ಅಕ್ಕಿ ಕಾಳು, ವಸತಿಗೃಹದ ಮೆಟ್ಟಿಲು. ನನ್ನ ಇಟ್ಟಿಗೆ ಪುಡಿಯ ಭಾಗ ಬಂದಾಗ ‘ಮನೆಯಲ್ಲಿ ಸವೆದುಹೋಯ್ತು’ ಎಂದಷ್ಟೇ ಹೇಳಿ ದಾಟಿಸಿದರು. ಅದನ್ನು ನಾನು ಯಾವತ್ತೂ ಮರೆಯುವುದಿಲ್ಲ. ‘ನಾನೇ ತಿಕ್ಕಿದ್ದು ಅಕ್ಕಾ, ಎರಡು ವರ್ಷ’ ಎಂದು ನಾನೇ ಒಪ್ಪಿಕೊಂಡೆ. ‘ಆ ನಾಣ್ಯ ಖೋಟಾ ಇರಬಹುದು ತಾಯಿ. ನನ್ನ ಮಾತು ತಪ್ಪು’ ಎಂದು ಮಾವ ಮಾತು ಮುಗಿಸಿದರು.

ಟೈಲರಕ್ಕ ಬಟ್ಟೆಗಳ ಅಡಿಯಿಂದ ಆ ಕಾಗದವನ್ನು ಹೊರಗೆಳೆದರು.

‘ಇರಬಹುದು ಅಲ್ಲ ಅಣ್ಣಾವ್ರೇ. ಖೋಟಾನೇ.’

ಅದು ರವಿಕೆಯ ಅಳತೆ ಕತ್ತರಿಸುವ ತೆಳು ಕಾಗದ. ಅದರ ಮೇಲೆ ಎರಡು ಸಾಲು ಸಣ್ಣ ಸಣ್ಣ ಗೆರೆ, ಒಂದರ ಕೆಳಗೆ ಒಂದು. ಬೆಳಿಗ್ಗೆ ಹಣ ಎಣಿಸಿಟ್ಟುಕೊಂಡು ಹೊರಡುವಾಗ ಅವರಿಗೆ ಒಂದು ಆಸೆ ಹುಟ್ಟಿತಂತೆ. ಹೊಸ ನಾಣ್ಯವನ್ನು ಅಪ್ಪನ ಆರನೆಯ ನಾಣ್ಯದ ಪಕ್ಕ ಇಟ್ಟು ನೋಡಬೇಕು ಎಂದು ಅಪ್ಪನ ನಾಣ್ಯವನ್ನು ಸೆರಗಿಗೆ ಕಟ್ಟಿಕೊಂಡು ಹೋದರಂತೆ. ಪಕ್ಕ ಪಕ್ಕ ಇಟ್ಟಾಗ ಕಣ್ಣಿಗೆ ಏನೋ ಚುಚ್ಚಿತು. ಮುಖ ಅಲ್ಲ, ಹಡಗು ಅಲ್ಲ, ಅಂಚು.

‘ಮೂವತ್ತು ವರ್ಷದಿಂದ ಹೊಲಿಗೆ ನೋಡಿದ ಕಣ್ಣು. ಇಂಚಿಗೆ ಹನ್ನೆರಡು ಹೊಲಿಗೆ ಇರೋ ಕಡೆ ಹತ್ತು ಬಿದ್ರೆ ನನಗೆ ಬಾಗಿಲಲ್ಲೇ ಗೊತ್ತಾಗುತ್ತೆ. ಈ ನಾಣ್ಯದ ಅಂಚಿನ ಹಲ್ಲು ಯಾಕೋ ಬಿಡಿ ಬಿಡಿಯಾಗಿ ಕಂಡ್ತು. ಕೈಚೀಲದಲ್ಲಿ ಅಳತೆ ಕಾಗದ ಇತ್ತು, ಕಾರ್ಬನ್ನೂ ಇತ್ತು. ಮೇಜಿನ ಮೇಲೆ ಹಾಸಿ, ಎರಡನ್ನೂ ನಿಲ್ಲಿಸಿ ಒತ್ತಿ ಉರುಳಿಸಿದೆ. ನೋಡಿ. ಅಪ್ಪನದ್ದು ಒಂದು ಇಂಚಿಗೆ ನಲವತ್ತು ಗೆರೆ. ಅವನದ್ದು ಮೂವತ್ತಾರು.’

ಮಾವ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಸೂಜಿ ಇಸಿದುಕೊಂಡು, ಅದರ ಮೊನೆಯಿಂದ ಒಂದೊಂದೇ ಗೆರೆ ಮುಟ್ಟಿ ಎಣಿಸಿದರು. ಎರಡು ಸಲ ಎಣಿಸಿದರು. ‘ಒಂದೇ ಟಂಕಸಾಲೆ, ಅಂಚಿಗೆ ಹಲ್ಲು ಮೂಡಿಸೋ ಅಚ್ಚಿನ ಬಳೆನೂ ಒಂದೇ. ಹನ್ನೆರಡು ವರ್ಷಾನೂ ಒಂದೇ ಲೆಕ್ಕ ಇರಬೇಕು’ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ‘ಬೆಸುಗೆ ಇದೆಯಾ ಅಂತ ಹುಡುಕಿದೆ. ಹಲ್ಲು ಎಣಿಸಬೇಕು ಅಂತ ಈ ಮೂವತ್ತು ವರ್ಷದಲ್ಲಿ ನನಗೆ ಹೊಳೆಯಲೇ ಇಲ್ಲ.’

‘ಅವನೇನು ಅಂದ ಅಕ್ಕಾ?’ ನಾನು ಕೇಳಿದೆ.

‘ಏನೂ ಅನ್ನಲಿಲ್ಲ. ಕಾಗದ ನೋಡಿದ, ನಾಣ್ಯ ಕಿತ್ಕೊಂಡ, ಚೀಲ ಎತ್ಕೊಂಡು ಮೆಟ್ಟಿಲಿಳಿದ. ಜಿಪ್ಪು ಹಾಕಿದ ಕೂಲಿನೂ ಕೊಡಲಿಲ್ಲ ಕಳ್ಳ.’

ಮಾವ ಕಾಗದವನ್ನು ಮಡಿಸದೆ ಟೇಬಲ್ಲಿನ ಮೇಲಿಟ್ಟರು. ‘ಮತ್ತೆ ನನ್ನ ಹತ್ತಿರ ಬೆಲೆ ಜಾಸ್ತಿ ಮಾಡಿದ ಅಂತ ಯಾಕೆ ಹೇಳಿದೆ?’

ಟೈಲರಕ್ಕ ತಲೆ ತಗ್ಗಿಸಿದರು. ‘ನಿಮ್ಮ ಮಾತು ತಪ್ಪಾಯ್ತು ಅಂತ ನಿಮಗೆ ಹೇಳೋಕೆ ಬಾಯಿ ಬರಲಿಲ್ಲ. ನಾಣ್ಯ ಹೋದ್ರೆ ಹೋಗಲಿ, ಅದಕ್ಕೆ ಅಳಲಿಲ್ಲ ನಾನು. ನಿಮಗೆ ಗೊತ್ತಾದ್ರೆ ಎಷ್ಟು ನೊಂದ್ಕೋತೀರೋ ಅಂತ ಒಂದು ಗಂಟೆಯಿಂದ ಇಲ್ಲೇ ಕೂತಿದೀನಿ. ಬಾಗಿಲು ಕೂಡ ಅದಕ್ಕೇ ಎಳೆದಿದ್ದು.’

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಹೋಗಿ ಮೂಲೆಯ ಅಂಗಡಿಯಿಂದ ಮೂರು ಟೀ ತಂದೆ. ಬರುವಷ್ಟರಲ್ಲಿ ಮಾವ ಆ ಕಾಗದದ ತುಂಡಿನಲ್ಲಿ ತಮ್ಮ ಜೇಬಿನ ಚಿಲ್ಲರೆಯನ್ನೆಲ್ಲಾ ಉರುಳಿಸಿ ನೋಡುತ್ತಿದ್ದರು. ಟೈಲರಕ್ಕ, ‘ಅಷ್ಟು ಒತ್ತಬೇಡಿ, ಗೆರೆ ಹರಡುತ್ತೆ’ ಎಂದು ಗದರುತ್ತಿದ್ದರು. ಬೇಡಪ್ಪನವರಿಗೆ ಇನ್ನೊಬ್ಬರು ಬೇಡ ಅನ್ನುವುದನ್ನು ನಾನು ಕೇಳಿದ್ದು ಅದೇ ಮೊದಲು.

ಮನೆಗೆ ವಾಪಸು ಬರುವಾಗ ಮಾವ ನನ್ನ ಚಪ್ಪಲಿ ನನಗೆ ಕೊಟ್ಟರು. ಅವರ ಇನ್ನೊಂದು ಚಪ್ಪಲಿ ನನ್ನ ಕಾಲಲ್ಲೇ ಇತ್ತು. ಅದೂ ಆಗಲೇ ನನಗೆ ಗೊತ್ತಾದದ್ದು. ಬೀದಿಯ ನಡುವೆ ನಿಂತು ಅದಲುಬದಲು ಮಾಡಿಕೊಂಡೆವು. ಬೈಗುಳ ಈಗ ಬರುತ್ತದೆ, ಇನ್ನೊಂದು ಹತ್ತು ಹೆಜ್ಜೆಗೆ ಬರುತ್ತದೆ ಎಂದು ನಾನು ಕಾಯುತ್ತಾ ನಡೆದೆ.

‘ನಿನಗೊಂದು ಮಾತು ಹೇಳ್ತೀನಿ, ಯಾರಿಗೂ ಹೇಳಬೇಡ’ ಅಂದರು ಮಾವ. ‘ಊರಿನವರು ನನ್ನ ಬೇಡಪ್ಪ ಅಂತಾರೆ. ಜಾಣ ಅಂತ ತಿಳ್ಕೊಂಡಿದ್ದಾರೆ. ಜಾಣತನ ಅಲ್ಲ ಮಗಳೇ, ಹೆದರಿಕೆ. ತಗೋ ಅಂದು ತಪ್ಪಾದ್ರೆ ಅವರ ಮನೆ ಮುಳುಗುತ್ತೆ. ಹೇಳೋನು ನಾನೊಬ್ಬನೇ, ನನ್ನ ಮಾತಿನ ಮೇಲೆ ಇನ್ನೊಂದು ಮಾತಿಲ್ಲ. ಭಾನುವಾರ ರಾತ್ರಿ ಎಷ್ಟು ಸಲ ನಿದ್ದೆ ಬಿಟ್ಟಿದ್ದೀನೋ ನಿನಗೆ ಗೊತ್ತಿಲ್ಲ. ಇವತ್ತು ತಪ್ಪಿದೆ. ನೋಡು, ಯಾರೂ ಮುಳುಗಲಿಲ್ಲ. ನನ್ನ ಮೇಲೆ ಕಣ್ಣಿಟ್ಟು ನೋಡೋರು ಒಬ್ಬರಿದ್ದಾರೆ ಅಂತ ಗೊತ್ತಾಯ್ತು.’

ಬೈಗುಳ ಬರಲೇ ಇಲ್ಲ. ಮನೆಗೆ ಬಂದು, ಊಟ ಮಾಡಿ, ಮುಂದಿನ ಕೋಣೆಯ ಬೆಂಚಿನ ಮೇಲೆ ಮಲಗಿ, ಸಂಜೆ ಐದರವರೆಗೆ ಗೊರಕೆ ಹೊಡೆದರು. ಅಂಗಡಿ ಇದ್ದ ದಿನ ಅವರು ಹಗಲು ಮಲಗಿದ್ದನ್ನು ನಾನು ಕಂಡಿರಲಿಲ್ಲ.

ಆ ವಾರವೆಲ್ಲಾ ಅವರು ಎರಡು ವರ್ಷದಲ್ಲಿ ಬೇಡ ಅನ್ನಿಸಿಕೊಂಡವರ ಮನೆಗಳಿಗೆ ಹೋಗಿ ಬಂದರು. ‘ನನ್ನ ಬಟ್ಟು ಸವೆದು ಹಗುರ ಆಗಿತ್ತು, ಸಾಚಾ ನಾಣ್ಯಾನೂ ತೂಕ ಜಾಸ್ತಿ ಅಂತ ಬೇಡ ಅಂದಿರಬಹುದು, ಸಿಗೋ ಹಾಗಿದ್ರೆ ಇನ್ನೊಮ್ಮೆ ತನ್ನಿ’ ಎಂದು ಒಬ್ಬೊಬ್ಬರಿಗೂ ಹೇಳಿದರು. ಬಹಳ ಜನ ನಕ್ಕರಂತೆ. ಒಬ್ಬರು ಮಾತ್ರ ಮುಖ ಗಂಟಿಕ್ಕಿಕೊಂಡರಂತೆ. ಅವರ ಮುಂದೆ ಮಾವ ಕೈಮುಗಿದು ಬಂದರಂತೆ. ಗುರುಗಳ ಬಟ್ಟುಗಳ ತಳ ಕೊರೆದು, ಅವರೇ ಸೀಸ ತುಂಬಿ, ಮುದ್ರೆಯ ಬಟ್ಟಿನ ಎದುರು ಕೂರಿಸಿ ಸರಿಮಾಡಿದರು. ಡಬ್ಬಿಯ ಜೊತೆಗೆ ನನಗೊಂದು ಮೆತ್ತನೆಯ ಕುಂಚ ತಂದುಕೊಟ್ಟು, ‘ಧೂಳು ಹೊಡಿ. ಅಷ್ಟೇ ಹೊಡಿ’ ಅಂದರು. ಈಗ ಬಟ್ಟುಗಳು ಮತ್ತೆ ಕಪ್ಪಾಗುತ್ತಿವೆ. ನೋಡಿದಾಗಲೆಲ್ಲಾ ಕೈ ತುರಿಸುತ್ತದೆ, ಸೆರಗು ಹಿಡಿದುಕೊಂಡು ಒಳಗೆ ಹೋಗುತ್ತೇನೆ.

ತಿಂಗಳೊಳಗೆ ಟೈಲರಕ್ಕನ ಅಂಗಡಿಗೆ ಮೋಟಾರಿನ ಮೆಷಿನ್ನು ಬಂತು. ಹಲಗೆಯ ಏಳನೆಯ ಕುಳಿ ಈಗಲೂ ಖಾಲಿ. ಭಾನುವಾರ ಬೆಳಿಗ್ಗೆ ನಮ್ಮ ಮುಂದಿನ ಕೋಣೆಯಲ್ಲಿ ಎರಡು ಕುರ್ಚಿ. ಒಂದು ಪ್ಲಾಸ್ಟಿಕ್ಕಿನದು, ಮಾವನೇ ಟೈಲರಕ್ಕನಿಗೆಂದು ಕೊಂಡು ತಂದದ್ದು. ಮೊನ್ನೆ ಒಬ್ಬರು ತಂದ ನಾಣ್ಯವನ್ನು ಮಾವ ನೋಡಿ, ಕೇಳಿ, ತೂಗಿ, ‘ನನಗೇನೋ ಸರಿ ಕಾಣುತ್ತೆ’ ಎಂದು ಪಕ್ಕಕ್ಕೆ ಕೊಟ್ಟರು. ಟೈಲರಕ್ಕ ಕಾಗದದ ಮೇಲೆ ಉರುಳಿಸಿ, ಸೂಜಿಯಿಂದ ಎಣಿಸಿ, ತಲೆ ಅಲ್ಲಾಡಿಸಿದರು.

‘ಬೇಡ ಅಣ್ಣಾವ್ರೇ.’

ಮಾವ ಬಂದವರ ಕಡೆ ತಿರುಗಿ, ‘ಕೇಳಿಸ್ತಲ್ಲ? ಬೇಡವಂತೆ’ ಎಂದು ಕುರ್ಚಿಗೆ ಒರಗಿ ಆರಾಮಾಗಿ ಕಾಲು ಚಾಚಿದರು.